ಊಟದ ಬೆಲ್ ಹೊತ್ತಿಗೆ ಮಗುವಿನ ಶಾಲೆಗೆ ಹೋಗುವ ಮುನ್ನ

ಜೂನ್ ಬಂತೆಂದರೆ ಬೆಂಗಳೂರಿನ ಲಿಂಗರಾಜಪುರದ ಶಾಲೆಗಳ ಗೇಟಿನ ಮುಂದೆ ಮಧ್ಯಾಹ್ನದ ಹೊತ್ತಿಗೆ ಒಂದಷ್ಟು ಜನ ಸೇರುತ್ತಾರೆ. ಸ್ಕೂಟರಿನ ಹುಕ್ಕಿಗೆ ಊಟದ ಚೀಲ ಸಿಕ್ಕಿಸಿಕೊಂಡ ಅಪ್ಪ, ಕೊಡೆ ಹಿಡಿದ ಅಜ್ಜಿ, ಕೆಲಸದ ಮಧ್ಯೆ ಅರ್ಧ ಗಂಟೆ ಕೇಳಿಕೊಂಡು ಓಡಿಬಂದ ಅಮ್ಮ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತಮಿಳಿನಲ್ಲಿ, ಮತ್ತೊಬ್ಬರು ಉರ್ದುವಿನಲ್ಲಿ ಹೇಳಿಕೊಳ್ಳುವ ಚಿಂತೆ ಮಾತ್ರ ಒಂದೇ. ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿ ಸಂಜೆ ಹಾಗೇ ವಾಪಸ್ ಬರುತ್ತಿದೆ. ಮಗು ಶಾಲೆಯಲ್ಲಿ ಏನೂ ತಿನ್ನುತ್ತಿಲ್ಲ.

ಹೋಗಿ ಪಕ್ಕದಲ್ಲಿ ಕೂತು ನಾಲ್ಕು ತುತ್ತು ತಿನ್ನಿಸಿ ಬಂದರೆ ಸರಿಹೋಗುತ್ತದೆ ಅನ್ನಿಸುವುದು ಸಹಜ. ದಂಡು ಪ್ರದೇಶದ ಹಳೆಯ ಶಾಲೆಗಳಲ್ಲಿ ಓದಿದವರಿಗೆ ಮನೆಯಿಂದ ಬಿಸಿ ಊಟ ಬರುತ್ತಿದ್ದದ್ದು, ಟಿಫನ್ ಕ್ಯಾರಿಯರ್ ಬಿಚ್ಚಿ ಮರದ ಕೆಳಗೆ ಉಣ್ಣುತ್ತಿದ್ದದ್ದು ನೆನಪಿರುತ್ತದೆ. ಈಗ ಗೇಟು ಅಷ್ಟು ಸಲೀಸಾಗಿ ತೆರೆಯುವುದಿಲ್ಲ. 2014ರ ಜುಲೈಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಶಾಲೆಯೊಂದರಲ್ಲಿ ಪುಟ್ಟ ಮಗುವಿನ ಮೇಲೆ ನಡೆದ ದೌರ್ಜನ್ಯದ ವಿರುದ್ಧ ಪೋಷಕರು ಬೀದಿಗಿಳಿದರು. ಆಮೇಲೆ ಸಿಸಿಟಿವಿ, ಸಿಬ್ಬಂದಿಯ ಹಿನ್ನೆಲೆ ತಪಾಸಣೆ, ಬಂದುಹೋಗುವವರ ಮೇಲೆ ನಿಗಾ ಎಲ್ಲವೂ ಬಿಗಿಯಾದವು. ಈ ಬಿಗಿ ನಿಮ್ಮ ಮಗುವಿಗಾಗಿಯೇ ಇರುವುದು. ವಾಚ್‌ಮನ್ ತಡೆದು ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕೇಳದೇ ಬಿಟ್ಟರೆ ಯೋಚನೆ ಮಾಡಿ.

ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಎಲ್‌ಕೆಜಿಯಿಂದ ಎರಡನೇ ಕ್ಲಾಸಿನವರೆಗಿನ ಮಕ್ಕಳ ಅಪ್ಪ-ಅಮ್ಮ ವರ್ಷಕ್ಕೊಮ್ಮೆಯಾದರೂ ಊಟದ ಹೊತ್ತಿನ ಶಾಲೆಯನ್ನು ಕಣ್ಣಾರೆ ಕಾಣಬೇಕು. ಆದರೆ ಉಣಿಸಲು ಹೋಗಬೇಡಿ, ನೋಡಲು ಹೋಗಿ. ಒಂದು ಸಲ ಗಮನವಿಟ್ಟು ನೋಡಿದರೆ, ಡಬ್ಬಿ ಯಾಕೆ ತುಂಬಿಯೇ ಬರುತ್ತಿದೆ ಎಂಬುದಕ್ಕೆ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಅದಕ್ಕೆ ಪರಿಹಾರ ಬಹುಪಾಲು ನಿಮ್ಮ ಅಡುಗೆಮನೆಯಲ್ಲಿರುತ್ತದೆ.

ನೀವು ಹೋದರೆ ಮಗು ಅಳುವುದೇಕೆ?

ಚಿಕ್ಕ ಮಕ್ಕಳಿಗೆ ಬೆಳಿಗ್ಗೆಯ ಅಗಲಿಕೆ ದೊಡ್ಡ ಕೆಲಸ. ಗೇಟಿನಲ್ಲಿ ಕೈ ಬಿಡಿಸಿಕೊಂಡು, ಅತ್ತು, ಮಿಸ್ ಸೆರಗು ಹಿಡಿದು, ಹತ್ತು ಗಂಟೆಯ ಹೊತ್ತಿಗೆ ಹೇಗೋ ಒಗ್ಗಿಕೊಂಡಿರುತ್ತವೆ. ಹನ್ನೆರಡೂವರೆಗೆ ಅಮ್ಮ ಬಂದರೆ, ಮನೆಗೆ ಹೋಗುವ ಹೊತ್ತಾಯಿತು ಎಂದೇ ಮಗು ತಿಳಿಯುತ್ತದೆ. ಗಡಿಯಾರ ಓದಲು ಬಾರದ ವಯಸ್ಸಿನಲ್ಲಿ ಅದರ ಲೆಕ್ಕ ನಡೆಯುವುದು ಕ್ರಮದ ಮೇಲೆ: ಪ್ರಾರ್ಥನೆ, ಸ್ನ್ಯಾಕ್ಸ್, ಆಟ, ಊಟ, ಆಮೇಲೆ ಅಮ್ಮ. ಆ ಕ್ರಮ ತಪ್ಪಿಸಿ ನೀವು ಬಂದು, ಮತ್ತೆ ಬಿಟ್ಟುಹೋದರೆ ಅದಕ್ಕೆ ಒಂದೇ ದಿನದಲ್ಲಿ ಎರಡು ಸಲ ಅಗಲಿದಂತಾಗುತ್ತದೆ. ಮರುದಿನವೂ ಬರುತ್ತೀರೇನೋ ಎಂದು ಬೆಳಿಗ್ಗೆಯಿಂದ ಬಾಗಿಲು ನೋಡುತ್ತಾ ಕೂರುತ್ತದೆ. ಆ ಕಾಯುವಿಕೆಯಲ್ಲಿ ಊಟ ಇನ್ನೂ ಹಿಂದೆ ಬೀಳುತ್ತದೆ.

ಎರಡನೆಯ ಕಾರಣ ತುತ್ತಿನದು. ನಮ್ಮ ಮನೆಗಳಲ್ಲಿ ನಾಲ್ಕೈದು ವರ್ಷದವರೆಗೂ ಕೈತುತ್ತು ಹಾಕುತ್ತೇವೆ. ಅದರಲ್ಲಿರುವ ಪ್ರೀತಿ ದೊಡ್ಡದು, ತಪ್ಪೇನಿಲ್ಲ. ಆದರೆ ಶಾಲೆಗೆ ಹೋಗಿ ಅದನ್ನೇ ಮಾಡಿದರೆ, ಪಕ್ಕದ ಮಕ್ಕಳನ್ನು ನೋಡಿ ತಾನೇ ತಿನ್ನಲು ಆಗಷ್ಟೇ ಕೈಹಾಕಿದ್ದ ಮಗು ಮತ್ತೆ ಬಾಯಿ ತೆರೆದು ಕಾಯುತ್ತದೆ. ಏನು, ಯಾವಾಗ, ಎಲ್ಲಿ ತಿನ್ನಬೇಕೆಂಬುದು ದೊಡ್ಡವರ ಹೊಣೆ, ಎಷ್ಟು ತಿನ್ನಬೇಕೆಂಬುದು ಮಗುವಿನ ಹೊಣೆ ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಕ್ರಮವನ್ನು ಈಗ ಬಹಳ ಕಡೆ ಪಾಲಿಸುತ್ತಾರೆ. ಶಾಲೆಯ ಊಟಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಹೊರಡುವ ಮೊದಲು

1. ಡೈರಿಯಲ್ಲಿ ಬರೆದು ಅಥವಾ ಕ್ಲಾಸ್ ಮಿಸ್ ಹತ್ತಿರ ಮಾತಾಡಿ, ಎರಡು-ಮೂರು ದಿನ ಮುಂಚೆಯೇ ಅನುಮತಿ ಪಡೆಯಿರಿ. 'ಮಗು ತಿನ್ನುತ್ತಿಲ್ಲ' ಎಂದು ದೂರುವ ಬದಲು, 'ಊಟ ಹೇಗೆ ಮಾಡುತ್ತಾಳೆ ಅಂತ ಒಂದು ಸಲ ದೂರದಿಂದ ನೋಡಬಹುದಾ ಮಿಸ್?' ಎಂದು ಕೇಳಿ. ಹಾಗೆ ಕೇಳಿದರೆ ಯಾವ ಶಿಕ್ಷಕಿಗೂ ತನ್ನ ಮೇಲೆ ದೂರು ಬಂದಿದೆ ಅನ್ನಿಸುವುದಿಲ್ಲ.

2. ಶಾಲೆ ಕೊಟ್ಟಿರುವ ಪೋಷಕರ ಗುರುತಿನ ಚೀಟಿ ಜೊತೆಗಿರಲಿ. ಅಜ್ಜ-ಅಜ್ಜಿ ಹೋಗುವುದಾದರೆ ಅವರ ಹೆಸರನ್ನು ಮೊದಲೇ ತಿಳಿಸಿ.

3. ಜೂನ್‌ನ ಮೊದಲ ವಾರಗಳಲ್ಲಿ ಬೇಡ. ಮಗು ಬೆಳಿಗ್ಗೆ ಅಳುವುದು ನಿಂತು ಎರಡು-ಮೂರು ವಾರ ಆಗಲಿ. ಮಳೆಗಾಲದ ಜ್ವರ, ನೆಗಡಿಯಿಂದ ಎದ್ದ ವಾರವೂ ಬೇಡ. ಆಗ ಹಸಿವು ಹೇಗೂ ಕಡಿಮೆಯೇ ಇರುತ್ತದೆ.

4. ಮಗುವಿಗೆ ಕಾಣದಂತೆ ನೋಡಲು ಸಾಧ್ಯವಿದ್ದರೆ ಅದೇ ಮೇಲು. ಕಿಟಕಿಯ ಹೊರಗೆ ಅಥವಾ ವರಾಂಡದ ತುದಿಯಲ್ಲಿ ನಿಂತರೆ ಸಾಕು. ಕಾಣಿಸಿಕೊಳ್ಳಲೇಬೇಕಾದರೆ ಬೆಳಿಗ್ಗೆಯೇ ಕ್ರಮವಾಗಿ ಹೇಳಿಬಿಡಿ: 'ಇವತ್ತು ಊಟದ ಬೆಲ್ ಆದಾಗ ಅಪ್ಪ ಬರ್ತೀನಿ. ಊಟ ಆದ ಮೇಲೆ ಅಪ್ಪ ಆಫೀಸಿಗೆ, ನೀನು ಕ್ಲಾಸಿಗೆ. ಸಂಜೆ ಅಜ್ಜಿ ಕರ್ಕೊಂಡು ಬರ್ತಾರೆ.' ಹೇಳಿದ್ದರಲ್ಲಿ ಒಂದಕ್ಷರವೂ ಬದಲಾಗಬಾರದು.

5. ಗಾಡಿ ದೂರ ನಿಲ್ಲಿಸಿ ನಡೆದು ಹೋಗಿ. ಲಿಂಗರಾಜಪುರದ ಒಳರಸ್ತೆಗಳು ಇಕ್ಕಟ್ಟು. ನರ್ಸರಿ ಮಕ್ಕಳನ್ನು ಕರೆದೊಯ್ಯಲು ಶಾಲಾ ಆಟೋ, ವ್ಯಾನುಗಳು ಬರುವುದೂ ಮಧ್ಯಾಹ್ನದ ಹೊತ್ತಿಗೇ. ಹೆನ್ನೂರು ರಸ್ತೆ ಕಡೆಯಿಂದ ಬರುವವರು ಹತ್ತು ನಿಮಿಷ ಮುಂಚೆ ಹೊರಟರೆ ಗಾಬರಿಯಿಲ್ಲದೆ ತಲುಪುತ್ತೀರಿ.

ಅಲ್ಲಿ ಏನು ನೋಡಬೇಕು?

ನಿಮ್ಮ ಭೇಟಿಯ ನಿಜವಾದ ಕೆಲಸ ಇದೇ. ಮಗುವಿನ ಮುಖವನ್ನೇ ನೋಡುತ್ತಾ ನಿಂತರೆ ಮನಸ್ಸು ಕರಗುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ. ಕೆಳಗಿನವುಗಳ ಮೇಲೆ ಕಣ್ಣಿಡಿ.

6. ಮುಚ್ಚಳ. ಡಬ್ಬಿ ತೆರೆಯಲು ಮಗುವಿಗೆ ಆಗುತ್ತಿದೆಯೇ? ಸ್ಟೀಲ್ ಡಬ್ಬಿಗೆ ಬಿಸಿಬಿಸಿ ಅನ್ನ ತುಂಬಿ ತಕ್ಷಣ ಬಿಗಿಯಾಗಿ ಮುಚ್ಚಿದರೆ ಒಳಗಿನ ಹಬೆ ತಣಿದು ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ದೊಡ್ಡವರೇ ತೆರೆಯಲು ತಿಣುಕುವ ಡಬ್ಬಿ ನಾಲ್ಕು ವರ್ಷದ ಬೆರಳಿಗೆ ಎಲ್ಲಿ ಬಗ್ಗೀತು? ಮೂವತ್ತು ಮಕ್ಕಳಿಗೆ ಒಬ್ಬರೇ ಆಯಾ ಇದ್ದರೆ, ಕೇಳಲು ನಾಚುವ ಮಗು ಸುಮ್ಮನೆ ಕೂತುಬಿಡುತ್ತದೆ. ತಟ್ಟೆಯಲ್ಲಿ ಹರವಿ ಸ್ವಲ್ಪ ಆರಿಸಿ ತುಂಬಿ. ಇಲ್ಲವೇ ಕ್ಲಿಪ್ ಇರುವ ಡಬ್ಬಿ ಕೊಡಿ. ಯಾವುದೇ ಹೊಸ ಡಬ್ಬಿಯನ್ನು ಮೊದಲು ಮನೆಯಲ್ಲಿ ಮಗುವಿನ ಕೈಯಿಂದಲೇ ಹತ್ತು ಸಲ ತೆಗೆಸಿ, ಮುಚ್ಚಿಸಿ.

7. ಸಮಯ. ಊಟಕ್ಕೆಂದು ಅರ್ಧ ಗಂಟೆ ಇದ್ದರೂ ಕೈತೊಳೆಯುವ ನಲ್ಲಿಯ ಸಾಲು, ಚೀಲ ಹುಡುಕುವುದು, ಕೂರುವುದು ಎಲ್ಲ ಕಳೆದು ತಿನ್ನಲು ಉಳಿಯುವುದೆಷ್ಟು ಎಂದು ಗಡಿಯಾರ ಹಿಡಿದು ನೋಡಿ. ಹದಿನೈದು ನಿಮಿಷ ಉಳಿಯುವುದಾದರೆ ಹದಿನೈದು ನಿಮಿಷದಲ್ಲಿ ಮುಗಿಯುವಷ್ಟನ್ನೇ ಕಟ್ಟಿ. ಮನೆಯಲ್ಲಿ ಟಿವಿ ಮುಂದೆ ಮುಕ್ಕಾಲು ಗಂಟೆ ತಿನ್ನುವ ಪ್ರಮಾಣವನ್ನೇ ಶಾಲೆಗೂ ಕಳಿಸಿದರೆ ಅರ್ಧ ವಾಪಸ್ ಬರುವುದು ಮಗುವಿನ ತಪ್ಪಲ್ಲ.

8. ಕೈ ಮತ್ತು ತಿನಿಸು. ಚಪಾತಿಯನ್ನು ಎರಡೂ ಕೈಯಿಂದ ಎಳೆಯುತ್ತಿದ್ದಾಳೆಯೇ? ಒಣಗಿದ ಚಪಾತಿಯನ್ನು ಹರಿದು, ಪಲ್ಯ ಹಿಡಿದು, ಬಾಯಿಗೆ ಒಯ್ಯುವುದು ಸಣ್ಣ ಬೆರಳುಗಳಿಗೆ ಮೂರು ಬೇರೆ ಬೇರೆ ಕೆಲಸ. ಸುರುಳಿ ಸುತ್ತಿ ತುಂಡು ಮಾಡಿ ಕೊಟ್ಟರೆ ಒಂದೇ ಕೆಲಸ. ಸಾರನ್ನ ಬೆಂಚಿನ ಮೇಲೆ ಚೆಲ್ಲುತ್ತದೆಂಬ ಭಯಕ್ಕೆ ಬಿಡುವ ಮಕ್ಕಳಿದ್ದಾರೆ, ಅವರಿಗೆ ಪುಟ್ಟ ಇಡ್ಲಿ, ಗಟ್ಟಿ ಬಿಸಿಬೇಳೆಬಾತ್, ಚಿತ್ರಾನ್ನ ವಾಸಿ. ಮೊಸರನ್ನ ಕಳಿಸುವುದಾದರೆ ಬೆಳಿಗ್ಗೆ ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿ ಆರಿಸಿದ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿ. ಮಧ್ಯಾಹ್ನದ ಹೊತ್ತಿಗೆ ಅದು ಹದವಾಗಿ ಮೊಸರನ್ನವಾಗಿರುತ್ತದೆ. ಬೆಳಿಗ್ಗೆಯೇ ಹುಳಿ ಮೊಸರು ಸುರಿದರೆ ಊಟದ ಹೊತ್ತಿಗೆ ಮೂಗು ಮುರಿಯುವಷ್ಟು ಹುಳಿಯಾಗುತ್ತದೆ.

9. ಪಕ್ಕದವರು. ಮಗು ಯಾರ ಜೊತೆ ಕೂರುತ್ತದೆ, ಒಬ್ಬಂಟಿಯಾಗಿದೆಯೇ, 'ಛೀ, ಏನೋ ವಾಸನೆ' ಎಂದು ಯಾರಾದರೂ ಅನ್ನುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೇಳಿ. ಲಿಂಗರಾಜಪುರದ ಒಂದೇ ಬೆಂಚಿನಲ್ಲಿ ಮುದ್ದೆ ತಿನ್ನುವ ಮನೆಯ ಮಗು, ಪುಟ್ಟು-ಕಡಲೆ ತರುವ ಮಗು, ಕುಷ್ಕಾ ತರುವ ಮಗು ಒಟ್ಟಿಗೆ ಕೂರುತ್ತವೆ. ಈ ಬಡಾವಣೆಯ ಭಾಗ್ಯ ಅದು. ಆದರೆ ಒಂದು ಅಣಕದ ಮಾತು ಸಾಕು, ಮೀನಿನ ಸಾರೋ ಬೆಳ್ಳುಳ್ಳಿ ಒಗ್ಗರಣೆಯೋ ಇರುವ ಡಬ್ಬಿಯನ್ನು ಮಗು ತೆರೆಯುವುದನ್ನೇ ಬಿಡುತ್ತದೆ. ಇದನ್ನು ಸರಿಪಡಿಸಬೇಕಾದವರು ಕ್ಲಾಸ್ ಮಿಸ್. ಅಣಕಿಸಿದ ಮಗುವನ್ನು ನೀವು ಕರೆದು ಗದರಬೇಡಿ. ಮಿಸ್‌ಗೆ ಹೇಳಿ, ಎಲ್ಲರ ಮನೆಯ ಊಟದ ಬಗ್ಗೆ ತರಗತಿಯಲ್ಲಿ ಒಂದು ಮಾತುಕತೆ ಮಾಡಿಸಿ.

10. ಶೌಚಾಲಯ. ಊಟದ ಭೇಟಿಯಲ್ಲಿ ಇದೇಕೆ ಅನ್ನಬೇಡಿ. ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರುವ ಅಥವಾ ಹೇಸುವ ಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಊಟವನ್ನೂ ಮುಂದೂಡುತ್ತಾರೆ. ನೀರಿನ ಬಾಟಲಿಯೂ ತುಂಬಿಯೇ ವಾಪಸ್ ಬರುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಅನುಮತಿ ಪಡೆದು ಒಮ್ಮೆ ಇಣುಕಿ ನೋಡಿ. ಚಿಲಕ ಎಟುಕುತ್ತದೆಯೇ? ನಲ್ಲಿಯಲ್ಲಿ ನೀರಿದೆಯೇ? ಆಯಾ ಜೊತೆಗೆ ಹೋಗುತ್ತಾರೆಯೇ?

ಇಷ್ಟು ನೋಡಲು ಕಾಲು ಗಂಟೆ ಸಾಕು. ಮಗು ನಿಮ್ಮನ್ನು ನೋಡಿದರೆ ನಗುತ್ತಾ ಕೈ ಬೀಸಿ. ಜೊತೆಗೆ ಕೂರಲು ಶಾಲೆ ಬಿಟ್ಟರೆ ನೀವೂ ಒಂದು ಪುಟ್ಟ ಡಬ್ಬಿ ಒಯ್ದು ಪಕ್ಕದಲ್ಲಿ ನಿಮ್ಮ ಪಾಡಿಗೆ ತಿನ್ನಿ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಪೋಷಕರು ಆಫೀಸಿನಲ್ಲಿ ಹೆಸರು ಬರೆಸಿ, ಚೀಟಿ ಅಂಟಿಸಿಕೊಂಡು ಮಗುವಿನ ಜೊತೆ ಊಟಕ್ಕೆ ಕೂರುವ ರೂಢಿಯಿದೆ. ಅಲ್ಲಿಯೂ ಬಂದವರು ಜೊತೆಗೆ ಉಣ್ಣುತ್ತಾರೆ, ಮಗುವಿಗೆ ಉಣಿಸುವುದಿಲ್ಲ.

ಬಿಸಿಯೂಟದ ಶಾಲೆಯಾದರೆ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಪೋಷಕರಿಗೆ ನಾನು ವಿಶೇಷವಾಗಿ ಹೇಳಬೇಕಾದದ್ದು: ನೀವು ಊಟದ ಹೊತ್ತಿಗೆ ಹೋಗಿ ನೋಡುವುದು ಯಾರೋ ಮಾಡುವ ಉಪಕಾರವಲ್ಲ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ನಂತರ ಈ ಊಟ ಮಗುವಿನ ಕಾನೂನುಬದ್ಧ ಹಕ್ಕು. ಊಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಲೇಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಊಟದ ಮೇಲ್ವಿಚಾರಣೆಯ ಹೊಣೆ ಇದೆ, ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ತಾಯಂದಿರು ಸರದಿಯಂತೆ ಬಂದು ಊಟದ ವ್ಯವಸ್ಥೆ ನೋಡಬೇಕೆಂದು ಯೋಜನೆಯೇ ಬಯಸುತ್ತದೆ.

ಒಂದರಿಂದ ಐದನೇ ತರಗತಿಯ ಮಗುವಿನ ಊಟದಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಇರಬೇಕು. ಅದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆಯ ಲೆಕ್ಕ. ಇದು ಅಡುಗೆಗೆ ಮುಂಚಿನ ತೂಕ. ತಕ್ಕಡಿ ಒಯ್ಯಬೇಕಿಲ್ಲ. ಸಾಂಬಾರಿನ ಪಾತ್ರೆಯ ತಳದಿಂದ ಸೌಟು ಎತ್ತಿದಾಗ ಬೇಳೆ, ತರಕಾರಿ ಬರುತ್ತದೆಯೇ, ಕೊನೆಯ ಸಾಲಿನ ಮಗುವಿಗೂ ಅದೇ ಸಾಂಬಾರು ಸಿಗುತ್ತದೆಯೇ, ಎರಡನೇ ಸಲ ಕೇಳಿದರೆ ಬಡಿಸುತ್ತಾರೆಯೇ ಎಂದು ನೋಡಿ. ಬೆಂಗಳೂರು ನಗರದ ಬಹಳಷ್ಟು ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಗಳಿಂದ ವಾಹನದಲ್ಲಿ ಬರುತ್ತದೆ. ಈ ಕ್ರಮಕ್ಕೆ ಹೆಸರಾದ ಅಕ್ಷಯ ಪಾತ್ರ ಸಂಸ್ಥೆ 2000ದಲ್ಲಿ ಐದು ಶಾಲೆಗಳಿಂದ ಶುರುವಾದದ್ದು ಇದೇ ಊರಿನಲ್ಲಿ. ಹೊರಗಿನಿಂದ ಬರುವ ಊಟವಾದರೆ ಎಷ್ಟು ಗಂಟೆಗೆ ತಲುಪಿತು, ಬಡಿಸುವಾಗ ಬಿಸಿ ಇದೆಯೇ ಎಂಬ ಎರಡು ಪ್ರಶ್ನೆ ಮುಖ್ಯ. ಮನೆಯ ಒಗ್ಗರಣೆಗೆ ಒಗ್ಗಿದ ಮಗುವಿಗೆ ಅಕ್ಷಯ ಪಾತ್ರದ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾಂಬಾರು ಮೊದಲು ಸಪ್ಪೆ ಅನ್ನಿಸಬಹುದು. ಶಾಲೆಯಲ್ಲಿ ಬಡಿಸುವಂಥದ್ದನ್ನೇ ಭಾನುವಾರ ಮನೆಯಲ್ಲೂ ಮಾಡಿ ಎಲ್ಲರೂ ಕೂತು ತಿಂದರೆ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ.

ಊಟದ ಜೊತೆಗೆ 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿ ಹಾಲೂ ಇದೆ. ಮೊಟ್ಟೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನಕ್ಕೆ ವಿಸ್ತರಿಸಲಾಯಿತು. ತಿನ್ನದವರಿಗೆ ಬಾಳೆಹಣ್ಣಿನಂಥ ಬದಲಿ ಇದೆ. ನಿಮ್ಮ ಮನೆಯಲ್ಲಿ ಮೊಟ್ಟೆ ಬೇಡವಾದರೆ ಶಿಕ್ಷಕರಿಗೆ ಸ್ಪಷ್ಟವಾಗಿ ಹೇಳಿ. ಬೇಕಾಗಿದ್ದರೂ ಹೇಳಿ. ಇದನ್ನು ಸಾಲಿನಲ್ಲಿ ನಿಂತು ಹೇಳುವ ಕೆಲಸವನ್ನು ಆರು ವರ್ಷದ ಮಗುವಿನ ಮೇಲೆ ಹಾಕಬೇಡಿ.

ಕೊರತೆ ಕಂಡರೆ ಬಡಿಸುವ ಅಕ್ಕಂದಿರ ಮೇಲೆ ರೇಗಬೇಡಿ. ಕಡಿಮೆ ಗೌರವಧನಕ್ಕೆ ನೂರಾರು ಮಕ್ಕಳ ಹೊಟ್ಟೆ ನೋಡುವವರು ಅವರು. ಮೊದಲು ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ, ಆಮೇಲೆ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ. ಅಲ್ಲಿಗೂ ಬಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕೊಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೇಳದೆ ಜಾರಿಕೊಳ್ಳುವುದು. ಮಗು ಅತ್ತ ನೋಡುವಾಗ ಮಾಯವಾದರೆ ಆ ಕ್ಷಣದ ಅಳು ತಪ್ಪಬಹುದು, ಮರುದಿನದಿಂದ ಅದು ನಿಮ್ಮ ಬಟ್ಟೆಯನ್ನು ಬಿಡುವುದಿಲ್ಲ. 'ಅಪ್ಪ ಹೊರಟೆ, ಸಂಜೆ ಅಜ್ಜಿ ಬರ್ತಾರೆ' ಎಂದು ಹೇಳಿ, ಅತ್ತರೂ ಹೊರಡಿ. ಹತ್ತು ಹೆಜ್ಜೆ ಹೋಗಿ ತಿರುಗಿ ಬರಬೇಡಿ.

ಚಿಪ್ಸ್, ಚಾಕೊಲೇಟ್ ಒಯ್ಯುವುದು. ನಿಮ್ಮ ಮಗು ಅದನ್ನು ತಿಂದು ಊಟ ಬಿಡುತ್ತದೆ, ಉಳಿದವರು ಬಾಯಿ ನೋಡುತ್ತಾರೆ.

'ನೋಡು, ಅವನು ಎಷ್ಟು ಚೆನ್ನಾಗಿ ತಿಂತಾನೆ' ಎಂಬ ಹೋಲಿಕೆ. ಬೇಡವೇ ಬೇಡ.

ಅಳುತ್ತಿದೆಯೆಂದು ಅಲ್ಲಿಂದಲೇ ಮನೆಗೆ ಕರೆದುಕೊಂಡು ಬರುವುದು. ಅಮ್ಮ ಬಂದಾಗ ಅತ್ತರೆ ಮನೆಗೆ ಹೋಗಬಹುದು ಎಂಬುದನ್ನು ಮಗು ಒಂದೇ ದಿನದಲ್ಲಿ ಕಲಿಯುತ್ತದೆ. ಜ್ವರ, ವಾಂತಿ ಇದ್ದರೆ ಮಾತು ಬೇರೆ.

ಒಂದು ಸಲಕ್ಕೆಂದು ಹೋಗಿ ದಿನವೂ ಹೋಗತೊಡಗುವುದು. ಆಗಲೇ ದಿನವೂ ಹೋಗುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ. ಒಂದು ವಾರ ಪಕ್ಕದಲ್ಲಿ ಕೂತು, ಮಗುವೇ ತಿನ್ನಲಿ. ಮುಂದಿನ ವಾರ ಬಾಗಿಲ ಬಳಿ ನಿಲ್ಲಿ. ಅದರ ಮುಂದಿನ ವಾರ ದಿನ ಬಿಟ್ಟು ದಿನ ಹೋಗಿ. ಆಮೇಲೆ ನಿಲ್ಲಿಸಿ. ಪ್ರತಿ ಬದಲಾವಣೆಯನ್ನೂ ಹಿಂದಿನ ರಾತ್ರಿ ಮಗುವಿಗೆ ತಿಳಿಸಿರಿ.

ಎಚ್ಚರಿಕೆ

ನಿಮ್ಮ ಕೈಯಿಂದ ಬೇರೆ ಮಕ್ಕಳಿಗೆ ಏನನ್ನೂ ಕೊಡಬೇಡಿ. ಯಾರಿಗೆ ಕಡಲೆಕಾಯಿ ಅಲರ್ಜಿ, ಯಾರ ಮನೆಯಲ್ಲಿ ಏನು ವರ್ಜ್ಯ ಎಂಬುದು ನಿಮಗೆ ತಿಳಿದಿರುವುದಿಲ್ಲ. ಹುಟ್ಟುಹಬ್ಬಕ್ಕೆ ಹಣ್ಣು, ಸಿಹಿ ಹಂಚಬೇಕೆನಿಸಿದರೆ ಶಾಲೆಯ ಮೂಲಕವೇ ಆಗಲಿ. ಐದು ವರ್ಷದೊಳಗಿನ ಮಗುವಿನ ಡಬ್ಬಿಗೆ ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ ಹಾಕಬೇಡಿ. ನಗುತ್ತಾ, ಮಾತಾಡುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕುವ ಅಪಾಯವಿದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಕಡಲೆಕಾಯಿಯನ್ನು ಪುಡಿ ಮಾಡಿ ಕಳಿಸಿ. ರಾತ್ರಿಯ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬುವುದೂ ಒಳ್ಳೆಯದಲ್ಲ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಊಟದ ಕೋಣೆಯಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ನಿಮ್ಮ ಮಗುವಿನ ಫೋಟೋದಲ್ಲಿ ಇನ್ನೊಬ್ಬರ ಮಗು ಇರುತ್ತದೆ.

ನುಂಗಲು ಕಷ್ಟ, ಕೈ ಸ್ವಾಧೀನದಲ್ಲಿಲ್ಲ, ವಾಸನೆ-ಸದ್ದಿಗೆ ತೀರಾ ಬೆಚ್ಚುತ್ತದೆ ಎಂಬಂಥ ತೊಂದರೆಯಿರುವ ಮಗುವಿಗೆ ಈ ಲೇಖನದ ಲೆಕ್ಕ ಪೂರ್ತಿ ಅನ್ವಯಿಸದು. ಅಂಥ ಮಗುವಿಗೆ ದಿನವೂ ಒಬ್ಬರು ಜೊತೆಗಿರಬೇಕಾಗಬಹುದು, ಅದನ್ನು ಕೇಳಲು ಸಂಕೋಚ ಬೇಡ. 1959ರಲ್ಲಿ ಎನ್.ಎಸ್. ಹೇಮಾ ಅವರು ಸ್ಥಾಪಿಸಿದ, ಅಂಗವೈಕಲ್ಯವುಳ್ಳವರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಲಿಂಗರಾಜಪುರದಲ್ಲೇ ಇದೆ. ಅಲ್ಲಿ ಸಲಹೆ ಕೇಳಬಹುದು. ಉಳಿದ ಮಕ್ಕಳಲ್ಲೂ ತೂಕ ಇಳಿಯುತ್ತಿದ್ದರೆ, ಮನೆಯಲ್ಲೂ ಊಟ ಸೇರದಿದ್ದರೆ ಶಾಲೆಗಿಂತ ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ. ಹೊಡೆದರು, ಬಲವಂತವಾಗಿ ಬಾಯಿಗೆ ತುರುಕಿದರು ಎಂದು ಮಗು ಹೇಳಿದರೆ ತಳ್ಳಿಹಾಕಬೇಡಿ. ಶಾಲೆಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಹೋಗಲು ಆಗದವರು

ಮಧ್ಯಾಹ್ನ ಒಂದು ಗಂಟೆ ಬಿಡುವು ಕೇಳಿದರೆ ಅರ್ಧ ದಿನದ ಕೂಲಿ ಹೋಗುವ ಅಪ್ಪ-ಅಮ್ಮಂದಿರು ಈ ಬಡಾವಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಅಂಗಡಿಗೆ ಹೋಗುವವರು. ಶಾಲೆಗೆ ಬರಲಾಗದ ಕಾರಣಕ್ಕೆ ಅವರು ಮಗುವಿನ ಬಗ್ಗೆ ಕಡಿಮೆ ಕಾಳಜಿಯವರಾಗುವುದಿಲ್ಲ. ನೋಡುವ ಕೆಲಸವನ್ನು ಮಿಸ್ ಅಥವಾ ಆಯಾ ಅವರಿಂದ ಮಾಡಿಸಿಕೊಳ್ಳಬಹುದು. ಬೆಳಿಗ್ಗೆ ಬಿಡುವಾಗ ಒಂದೇ ಒಂದು ಪ್ರಶ್ನೆ ಒಪ್ಪಿಸಿ: 'ಡಬ್ಬಿ ಅವನೇ ತೆಗೀತಾನಾ, ಇವತ್ತು ನೋಡ್ತೀರಾ?' ನಾಳೆ ಇನ್ನೊಂದು. 'ಊಟ ಮಾಡ್ತಾನಾ' ಎಂದು ಕೇಳಿದರೆ 'ಹೂಂ, ಮಾಡ್ತಾನೆ' ಎಂಬುದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ.

ಸಂಜೆ ಮಗುವನ್ನು ಕೇಳುವಾಗಲೂ ಹಾಗೆಯೇ. 'ಎಲ್ಲ ತಿಂದ್ಯಾ?' ಎಂದರೆ ಅದು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತದೆ. ಮೊದಲು ಕೈಕಾಲು ತೊಳೆಸಿ, ಹಾಲೋ ಹಣ್ಣೋ ಕೊಡಿ. ಆಮೇಲೆ 'ಊಟಕ್ಕೆ ಇವತ್ತು ಯಾರ ಪಕ್ಕ ಕೂತಿದ್ದೆ? ಅವರ ಡಬ್ಬೀಲಿ ಏನಿತ್ತು? ನಿನ್ನ ಡಬ್ಬಿ ಯಾರು ತೆಗೆದುಕೊಟ್ರು?' ಎಂದು ಕೇಳಿ. ಡಬ್ಬಿಯನ್ನು ಅದರ ಮುಂದೆಯೇ ತೆರೆಯಿರಿ. ಉಳಿದದ್ದು ಯಾವುದು, ಅನ್ನವೋ ಪಲ್ಯವೋ, ಮೇಲಿನ ಪದರವೋ ತಳದ್ದೋ ಎಂದು ಒಂದು ವಾರ ಗಮನಿಸಿದರೆ ಸೋಮವಾರ ಏನು ಕಟ್ಟಬೇಕೆಂಬುದು ತಿಳಿಯುತ್ತದೆ.